ಭಾನುವಾರದ ತೀರ್ಪು ಓದು: ಬೊಮ್ಮಾಯಿ ಪ್ರಕರಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಮಾಟುಂಗಾದ ಎಂದಿನ ಜಾಗದಲ್ಲೇ ಸೇರೋಣ. ಡೊಂಬಿವಲಿ ಕಡೆಯವರು ಲೋಕಲ್ ರೈಲಿನ ಮೆಗಾಬ್ಲಾಕ್ (ದುರಸ್ತಿಗಾಗಿ ಓಡಾಟ ಕಡಿತ) ನೋಡಿಕೊಂಡು ಹೊರಡಿ.

ಎಸ್.ಆರ್. ಬೊಮ್ಮಾಯಿ ಪ್ರಕರಣ: 1994ರ ಮಾರ್ಚ್ 11, 9 ನ್ಯಾಯಮೂರ್ತಿಗಳ ಪೀಠ, ಸಂವಿಧಾನದ 356ನೇ ವಿಧಿ (ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ). ಸುಪ್ರೀಂ ಕೋರ್ಟಿನ ಜಾಲತಾಣದಿಂದ ಪೂರ್ತಿ ತೀರ್ಪನ್ನೇ ಇಳಿಸಿಕೊಳ್ಳಿ. ಹೆಡ್‌ನೋಟ್ (ತೀರ್ಪಿನ ಮೇಲ್ಗಡೆ ಸಂಪಾದಕರು ಹಾಕುವ ಸಾರಾಂಶ) ಸಾಲದು, ಅದು ತೀರ್ಪಿನ ಭಾಗವೇ ಅಲ್ಲ. ಈ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಬರೆದ ಅಭಿಪ್ರಾಯಗಳು ಹಲವು. ಒಬ್ಬರ ಮಾತನ್ನು ಇಡೀ ಪೀಠದ್ದೆಂದು ಉಲ್ಲೇಖಿಸಿ ಟಿವಿ ಪಂಡಿತರೂ ಎಡವುತ್ತಾರೆ. ಮೊದಲು ನ್ಯಾಯಮೂರ್ತಿ ಜೀವನ್ ರೆಡ್ಡಿಯವರ ಕೊನೆಯ ಸಾರಾಂಶ ಓದಿ, ಆಮೇಲೆ ನ್ಯಾಯಮೂರ್ತಿ ಸಾವಂತ್ ಅವರದು. ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಅಂದಾಜಿನಲ್ಲಲ್ಲ ಎನ್ನುವ ಪ್ಯಾರಾಗಳಿಗೆ ಗುರುತು ಹಾಕಿ ತನ್ನಿ. ತೀರ್ಪು ಅಚ್ಚಾದ ಕಾನೂನು ವರದಿ (SCC, AIR ಥರದ್ದು) ಬದಲಾದರೆ ಪ್ಯಾರಾ ಸಂಖ್ಯೆಯೂ ಬದಲಾದೀತು, ಯಾವ ವರದಿ ಎಂದೂ ಬರೆದುಕೊಳ್ಳಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.