ಪೋಷಕರಿಗೆ ಪತ್ರ: ಗಿರಿಯ ಹುಲ್ಲಿನ ನಡುವೆ ಮಕ್ಕಳು ಕಂಡ ಡ್ರೊಸೆರಾ ಗಿಡದ ಕುರಿತು

ಚಿಕ್ಕಮಗಳೂರು

ಮಾನ್ಯ ಪೋಷಕರೇ,

ವಂದನೆಗಳು. ಕಳೆದ ಶನಿವಾರ 7ನೇ ತರಗತಿಯ ಮಕ್ಕಳನ್ನು ಮುಳ್ಳಯ್ಯನಗಿರಿಯ ಕಡೆಯ ಹುಲ್ಲುಗಾವಲಿಗೆ ಕರೆದೊಯ್ದಿದ್ದು ತಮಗೆ ತಿಳಿದಿದೆ. ಸೋಮವಾರ ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಸ್ಟೀಲ್ ಲೋಟದಲ್ಲಿ ಪುಟ್ಟ ಗಿಡವೊಂದನ್ನು ಜೋಪಾನವಾಗಿ ಹಿಡಿದುಕೊಂಡು ನನ್ನ ಕೊಠಡಿಗೆ ಬಂದಳು. ಅಂದು ಗುಡ್ಡದಿಂದ ಕಿತ್ತು ತಂದ ಆ ಗಿಡಕ್ಕೆ ಗೊಬ್ಬರದ ಮಣ್ಣು ಹಾಕಿ, ನಲ್ಲಿ ನೀರು ಹನಿಸಿ ಅವಳು ಎರಡು ದಿನ ನೋಡಿಕೊಂಡಿದ್ದರೂ, ಕಾಂಡ ಬಾಗಿ, ಎಲೆಗಳ ಮೇಲಿನ ಹನಿಗಳೆಲ್ಲ ಆರಿಹೋಗಿದ್ದವು. ಅವಳನ್ನು ಗದರಲು ನನಗೆ ಮನಸ್ಸು ಬರಲಿಲ್ಲ. ಆ ಗಿಡ ಹೇಗೆ ಬದುಕುತ್ತದೆ ಎಂಬುದನ್ನು ನಾವು ಮೊದಲೇ ಹೇಳಿಕೊಡಬೇಕಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ; ದಯವಿಟ್ಟು ಮನೆಯಲ್ಲಿ ಮಕ್ಕಳಿಗೆ ಓದಿ ಹೇಳಿ.

ಡ್ರೊಸೆರಾ ಎಂದರೆ ಗ್ರೀಕ್ ಭಾಷೆಯಲ್ಲಿ ಇಬ್ಬನಿ ತುಂಬಿದ್ದು ಎಂದರ್ಥ. ನಮ್ಮ ಗಿರಿಯದು ಡ್ರೊಸೆರಾ ಪೆಲ್ಟೇಟಾ: ಗೇಣುದ್ದದ ಸಪೂರ ಕಾಂಡ, ತುದಿಯಲ್ಲಿ ಐದು ಎಸಳಿನ ಬಿಳಿ ಹೂವು, ಕೊತ್ತಂಬರಿ ಕಾಳಿನಷ್ಟಗಲದ ಅರ್ಧಚಂದ್ರಾಕಾರದ ಎಲೆಗಳು. ಎಲೆಯ ಮೇಲೆಲ್ಲ ಕೆಂಪು ರೋಮಗಳಿದ್ದು, ಒಂದೊಂದರ ತುದಿಯಲ್ಲೂ ಒಂದು ಹನಿ ಹೊಳೆಯುತ್ತದೆ. ಬಿಸಿಲೇರಿದರೂ ಆರದ ಆ ಹನಿ ನೀರಲ್ಲ, ಅಂಟು. ಸೊಳ್ಳೆಯಂತಹ ಸಣ್ಣ ಕೀಟ ಕುಳಿತರೆ ಕಾಲು ಅಂಟಿಕೊಳ್ಳುತ್ತದೆ. ಅದು ಒದ್ದಾಡಿದಷ್ಟೂ ಸುತ್ತಲಿನ ರೋಮಗಳು ಅದರತ್ತ ಬಾಗುತ್ತವೆ. ಬಳಿಕ ಎಲೆ ಸ್ರವಿಸುವ ರಸದಲ್ಲಿ ಕೀಟ ಕರಗುತ್ತದೆ. ಮನುಷ್ಯರ ಬೆರಳಿಗೆ ಇದರಿಂದ ಯಾವ ಅಪಾಯವೂ ಇಲ್ಲ.

ಡ್ರೊಸೆರಾ ಗಿಡಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಮೇಲಿನಿಂದ ಬೀಳುವ ನೀರಿನ ಹನಿಗೆ ಅಲುಗದ ರೋಮ, ತಲೆಗೂದಲಿನ ಅತಿ ಸಣ್ಣ ತುಣುಕಿಟ್ಟರೆ ಬಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ನಮ್ಮ ಮಲೆನಾಡಿನ ಮಳೆಯನ್ನು ನೆನೆದರೆ ಇದು ಎಂತಹ ಉಪಾಯವೆಂದು ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಕೀಟವೇಕೆ ಬೇಕು ಎಂದು ಮಕ್ಕಳು ಕೇಳಿದರು. ಉಳಿದ ಗಿಡಗಳಂತೆ ಇದೂ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುತ್ತದೆ. ಆದರೆ ಜಡಿಮಳೆ ಗುಡ್ಡದ ಮಣ್ಣಿನ ಸಾರವನ್ನು ತೊಳೆದೊಯ್ಯುವುದರಿಂದ, ಬೇರಿಗೆ ಸಾಲದ ಸಾರಜನಕವನ್ನು ಎಲೆಗಳು ಕೀಟದಿಂದ ಪಡೆಯುತ್ತವೆ. ಬಡ ಮಣ್ಣಿಗೆ ಒಗ್ಗಿದ ಇಂತಹ ಗಿಡಕ್ಕೆ ನಮ್ಮ ಗೊಬ್ಬರವೇ ವಿಷವಾಗುತ್ತದೆ. ಅಲ್ಲದೆ ಇದರ ಜೀವವಿರುವುದು ಮಣ್ಣೊಳಗಿನ ಪುಟ್ಟ ಗಡ್ಡೆಯಲ್ಲಿ. ಬೇಸಿಗೆಯಲ್ಲಿ ಮೇಲಿನದೆಲ್ಲ ಒಣಗಿದರೂ ಮಳೆ ಬಂದಾಗ ಆ ಗಡ್ಡೆಯಿಂದಲೇ ಗಿಡ ಮತ್ತೆ ಚಿಗುರುತ್ತದೆ. ಕಿತ್ತರೆ ಸಾಮಾನ್ಯವಾಗಿ ಕಾಂಡವಷ್ಟೇ ಕೈಗೆ ಬರುತ್ತದೆ.

ರಜೆಯಲ್ಲಿ ತಾವು ಕುಟುಂಬಸಮೇತ ಗಿರಿಗೆ ಹೋದಾಗ ವಾಹನವನ್ನು ಹುಲ್ಲಿನ ಮೇಲೆ ಇಳಿಸಬೇಡಿ. ಈ ಗಿಡಗಳು ರಸ್ತೆಯಂಚಿನ ಇಳಿಜಾರಿನಲ್ಲೇ ಇರುತ್ತವೆ, ನಿಂತು ನೋಡಿದರೆ ಕಾಣುವುದಿಲ್ಲ. ಮಕ್ಕಳು ಮಂಡಿಯೂರಿ ನೋಡುತ್ತಿದ್ದರೆ ಅವಸರ ಮಾಡದೆ ಹತ್ತು ನಿಮಿಷ ಬಿಟ್ಟುಕೊಡಿ.

ಬರುವ ಶನಿವಾರ 6ನೇ ತರಗತಿಯ ಸರದಿ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಗುರುವಾರದೊಳಗೆ ಕಳುಹಿಸಿ, ಮಳೆಕೋಟು ಕೊಟ್ಟು ಕಳುಹಿಸಿ. ಭೂತಗನ್ನಡಿಗಳನ್ನು ಶಾಲೆಯಿಂದಲೇ ಕೊಡುತ್ತೇವೆ. ಲೋಟ ತಂದ ವಿದ್ಯಾರ್ಥಿನಿಯೇ ಅಂದು ಕಿರಿಯರಿಗೆ ಗಿಡವನ್ನು ತೋರಿಸಿಕೊಡಲಿದ್ದಾಳೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ