ಪವರ್ ಇಳಿಸುವ ಮೊದಲು ಸ್ಲೋಪ್ ತೋರಿಸಿ

ಮಾನ್ಯ ಸಂಪಾದಕರೇ,

ಪಿಯು ತರಗತಿಗಳಲ್ಲಿ ಡೆರಿವೇಟಿವ್ (ಗ್ರಾಫಿನ ಗೆರೆಗೆ ಒಂದು ಬಿಂದುವಿನಲ್ಲಿ ಸ್ಲೋಪ್, ಅಂದರೆ ಏರಿಳಿತ, ಎಷ್ಟು ಅನ್ನುವ ಲೆಕ್ಕ) ಹೇಳಿಕೊಡುವ ರೀತಿ ಬದಲಾಗಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ. ಮಗಳು ಸೈನ್ಸ್ ಓದುತ್ತಿದ್ದಾಳೆ. ಸಂಜೆ ಅವಳ ಜೊತೆ ಅಕ್ಕಪಕ್ಕದ ಮಕ್ಕಳೂ ಲೆಕ್ಕ ಹಿಡಿದುಕೊಂಡು ಬರುತ್ತಾರೆ. ವೈ = 3ಎಕ್ಸ್² + 5ಎಕ್ಸ್ − 2 ಅಂತ ಕೊಟ್ಟರೆ ಎಲ್ಲರೂ ತಟ್ಟನೆ 6ಎಕ್ಸ್ + 5 ಬರೆಯುತ್ತಾರೆ. ಪವರ್ (ಎಕ್ಸ್ ತಲೆಯ ಮೇಲಿನ ಸಣ್ಣ ಅಂಕಿ) ಮುಂದೆ ತಂದು ಗುಣಿಸು, ಪವರಿನಲ್ಲಿ ಒಂದು ಕಳೆ, ಮುಗೀತು. ಎಕ್ಸ್ 1 ಆದಾಗ 11 ಬರುತ್ತಲ್ಲ, ಅದು ಏನು ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ನೋಟ್ಸ್ ತಿರುವಿ ಹಾಕಿದೆ. ಪುಟಗಟ್ಟಲೆ ಲೆಕ್ಕ ಇದೆ, ಒಂದೇ ಒಂದು ಗ್ರಾಫ್ ಇಲ್ಲ.

ಪುಸ್ತಕವನ್ನು ದೂರುವ ಹಾಗಿಲ್ಲ. ಪ್ರಥಮ ಪಿಯು ಪಠ್ಯದಲ್ಲಿ ಈ ಪಾಠ ಶುರುವಾಗುವುದೇ ಎತ್ತರದಿಂದ ಬೀಳುವ ವಸ್ತುವಿನಿಂದ. ಟಿ ಸೆಕೆಂಡಿನಲ್ಲಿ 4.9ಟಿ² ಮೀಟರ್ ಬಿದ್ದರೆ, ಸರಿಯಾಗಿ 2 ಸೆಕೆಂಡ್ ಆದಾಗ ಅದರ ವೇಗ ಎಷ್ಟು ಅಂತ ಕೋಷ್ಟಕ ಹಾಕಿ ತೋರಿಸಿದ್ದಾರೆ. ಆ ಪುಟಗಳನ್ನು ಹಾರಿಸಿ ನೇರ ಸೂತ್ರಕ್ಕೆ ಹೋಗುವುದರಿಂದಲೇ ಈ ತೊಂದರೆ.

ವೈ = ಎಕ್ಸ್² ತೆಗೆದುಕೊಳ್ಳಿ. ನೇರ ಗೆರೆಯ ಸ್ಲೋಪ್ ಎಲ್ಲರಿಗೂ ಗೊತ್ತು: ಏರಿದ್ದು ಎಷ್ಟು, ಮುಂದೆ ಹೋದದ್ದು ಎಷ್ಟು, ಭಾಗಿಸಿದರೆ ಆಯ್ತು. ಈ ಗೆರೆ ಬಾಗಿದೆ, ಹಾಗಾಗಿ ಸ್ಲೋಪ್ ಜಾಗದಿಂದ ಜಾಗಕ್ಕೆ ಬೇರೆ. ಎಕ್ಸ್ 3ರಲ್ಲಿ ಎಷ್ಟು? 3ರಿಂದ 4ಕ್ಕೆ ಹೋದರೆ ಎತ್ತರ 9ರಿಂದ 16ಕ್ಕೆ ಏರುತ್ತದೆ, ಸ್ಲೋಪ್ 7. 3.1ರ ತನಕ ಮಾತ್ರ ಹೋದರೆ 6.1. 3.01ಕ್ಕೆ 6.01. ಹಿಂದಿನಿಂದ, 2.9ರಿಂದ ಬಂದರೆ 5.9. ಇಷ್ಟು ಬರೆಯುವಷ್ಟರಲ್ಲಿ ಮಕ್ಕಳೇ 6 ಅಂತ ಕೂಗುತ್ತಾರೆ. ಆಮೇಲೆ 3ಕ್ಕೆ ಎಚ್ ಅನ್ನುವ ಒಂದು ಸಣ್ಣ ಸಂಖ್ಯೆ ಸೇರಿಸಲಿ. ಏರಿದ್ದು 6ಎಚ್ + ಎಚ್², ಎಚ್‌ನಿಂದ ಭಾಗಿಸಿದರೆ 6 + ಎಚ್.

ಇಲ್ಲಿ ಒಬ್ಬರಾದರೂ ಕೇಳುತ್ತಾರೆ, ಎಚ್ ಸೊನ್ನೆ ಆದರೆ ಸೊನ್ನೆಯಿಂದ ಭಾಗಿಸಿದ ಹಾಗಾಯಿತು ಅಲ್ವಾ ಅಂತ. ದಯವಿಟ್ಟು ಆ ಮಗುವನ್ನು ಗದರಿಸಿ ಕೂರಿಸಬೇಡಿ. 1734ರಲ್ಲಿ ಬಿಷಪ್ ಬರ್ಕ್ಲಿ ನ್ಯೂಟನ್ನರ ವಿಧಾನದ ಮೇಲೆ ಎತ್ತಿದ ಆಕ್ಷೇಪವೂ ಇದೇ. ಇದಕ್ಕೆ ಉತ್ತರವಾದ ಲಿಮಿಟ್ ಅನ್ನುವುದಕ್ಕೆ ಗಟ್ಟಿ ತಳಪಾಯ ಸಿಕ್ಕಿದ್ದು 1820ರ ದಶಕದಲ್ಲಿ, ಫ್ರಾನ್ಸಿನ ಗಣಿತಜ್ಞ ಕೋಶಿಯವರಿಂದ. ಭಾಗಿಸುವಾಗ ಎಚ್ ಸೊನ್ನೆ ಅಲ್ಲ. ಭಾಗಿಸಿ ಆದ ಮೇಲೆ, ಎಚ್ ಸಣ್ಣದಾಗುತ್ತಾ ಹೋದ ಹಾಗೆ 6 + ಎಚ್ ಯಾವ ಸಂಖ್ಯೆಯ ಹತ್ತಿರ ಹೋಗುತ್ತದೆ ಅಂತ ನೋಡುತ್ತೇವೆ, ಅಷ್ಟೇ. ಒಂದು ಪೀರಿಯಡ್ ಪೂರ್ತಿ ಇದಕ್ಕೇ ಹೋದರೂ ನಷ್ಟವಿಲ್ಲ.

ಇನ್ನೊಂದು ಚಂದದ ವಿಷಯ ಇದೆ. 2ರಿಂದ 4ಕ್ಕೆ ಗೆರೆ ಎಳೆದರೆ ಅದರ ಸ್ಲೋಪ್ ಸರಿಯಾಗಿ 6, ನಡುವಿನ 3ರಲ್ಲಿ ಇರುವಷ್ಟೇ. ಯಾವ ವರ್ಗ ಫಲನ (ಅತಿ ದೊಡ್ಡ ಪವರ್ 2 ಇರುವಂಥದ್ದು) ತೆಗೆದುಕೊಂಡರೂ, ಯಾವ ಎರಡು ಬಿಂದು ಹಿಡಿದರೂ ಹೀಗೇ. ಎಕ್ಸ್³ಗೆ ಇದು ನಡೆಯುವುದಿಲ್ಲ: ಅಲ್ಲಿ 28 ಬರುತ್ತದೆ, ನಿಜವಾದ ಸ್ಲೋಪ್ 27. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ ನೋಡಿ, ಬಿಡುವುದೇ ಇಲ್ಲ.

ಕೊಡಗಿನಲ್ಲಿ ಉದಾಹರಣೆಗೂ ಬರ ಇಲ್ಲ. ಬೇಸಿಗೆಯಲ್ಲಿ ರೋಬಸ್ಟಾ ತೋಟಕ್ಕೆ ಹೂ ಬರಿಸಲು ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಗಾಳಿಯ ತಡೆ ಬಿಟ್ಟು ನೋಡಿದರೆ ಆ ನೀರು ಹೋಗುವ ದಾರಿ ಪರವಲಯವೇ (ವರ್ಗ ಫಲನದ ಗ್ರಾಫಿನ ಬಾಗಿದ ಗೆರೆ). ವೈ = ಎಕ್ಸ್/2 − ಎಕ್ಸ್²/60 ಅಂತ ಇಟ್ಟುಕೊಳ್ಳಿ, ಅಳತೆ ಮೀಟರಿನಲ್ಲಿ. ಸ್ಲೋಪ್ 1/2 − ಎಕ್ಸ್/30. ನೀರು ಚಿಮ್ಮುವ ಬಾಯಿಯಲ್ಲಿ ಅರ್ಧ, 15 ಮೀಟರಿನಲ್ಲಿ ಸೊನ್ನೆ, 30 ಮೀಟರಿನಲ್ಲಿ ಮೈನಸ್ ಅರ್ಧ. ಸೊನ್ನೆ ಆದಲ್ಲೇ ನೀರು ಅತಿ ಎತ್ತರದಲ್ಲಿದೆ, ಬಾಯಿಯಿಂದ 3.75 ಮೀಟರ್ ಮೇಲೆ. ತೋಟದಲ್ಲಿ ಜೆಟ್ ಬದಲಿಸುತ್ತಾ ಬೆಳೆದ ಮಗುವಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಕೋರಿಕೆ: ಒಂದು ಪರವಲಯದ ಗ್ರಾಫ್ ಕೊಟ್ಟು, ಸ್ಲೋಪ್ ಎಲ್ಲಿ ಪ್ಲಸ್, ಎಲ್ಲಿ ಸೊನ್ನೆ, ಎಲ್ಲಿ ಮೈನಸ್, ಯಾಕೆ ಅಂತ ನಾಲ್ಕು ಸಾಲು ಬರೆಸಿ. ಉಪನ್ಯಾಸಕರು ಸೂತ್ರ ಕೊಡುವ ಹಿಂದಿನ ದಿನ ಮಕ್ಕಳಿಗೆ ಗ್ರಾಫ್ ಹಾಳೆ, ಸ್ಕೇಲು ತರಲು ಹೇಳಲಿ.

– ಪಿಯು ವಿದ್ಯಾರ್ಥಿನಿಯ ತಂದೆ, ಸಿದ್ದಾಪುರ, ಕೊಡಗು