ರಿಂಗ್ ಬಗ್ಗಿಸೋಕೆ ದುಡ್ಡಿಲ್ಲ, ಎಲಿವೇಶನ್‌ಗೆ ಇದೆ!

ಸಂಪಾದಕರೇ,

ಕಟ್ಟಡ ನಿಯಮ ಬದಲಾದಾಗಲೆಲ್ಲ ‘ಮನೆ ಕಟ್ಟೋದು ಇನ್ನೂ ದುಬಾರಿ’ ಅಂತ ಸುದ್ದಿ ಬರುತ್ತದೆ. ಸುಳ್ಳೇನಲ್ಲ. ಆದರೆ ಯಾವ ನಿಯಮದಿಂದ ಎಷ್ಟು ಜಾಸ್ತಿ ಆಯಿತು ಅಂತ ಬಿಡಿಸಿ ಬರೆದದ್ದನ್ನು ನಾನಂತೂ ಓದಿಲ್ಲ. ಎಲ್ಲವನ್ನೂ ಒಟ್ಟಿಗೆ ಬೈದರೆ ಬೇಕಾದ ನಿಯಮವೂ ಬೇಡದ್ದರ ಜೊತೆ ಬೈಸಿಕೊಳ್ಳುತ್ತದೆ.

ಕಾಲಂ ಒಳಗೆ ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ರಿಂಗನ್ನೇ ತಗೊಳ್ಳಿ. ಭೂಕಂಪಕ್ಕೆ ತಡೆಯುವ ಹಾಗೆ ಕಟ್ಟಬೇಕಾದರೆ ರಿಂಗಿನ ತುದಿಯನ್ನು 90 ಡಿಗ್ರಿಗೆ ಬಿಡಬಾರದು, 135 ಡಿಗ್ರಿಗೆ ಒಳಕ್ಕೆ ಬಗ್ಗಿಸಬೇಕು. ಕಾಲಂ ಬೀಮಿಗೆ ಸೇರುವ ಕಡೆ ರಿಂಗುಗಳು ಹತ್ತಿರ ಹತ್ತಿರ ಇರಬೇಕು. ಯಾಕೆ ಅಂದರೆ, ನೆಲ ಅಲುಗಾಡಿ ಹೊರಗಿನ ಕಾಂಕ್ರೀಟ್ ಉದುರಿತು ಅಂದುಕೊಳ್ಳಿ, 90 ಡಿಗ್ರಿಯ ರಿಂಗ್ ಬಿಚ್ಚಿಕೊಳ್ಳುತ್ತದೆ, ಉದ್ದದ ಕಂಬಿಗಳು ಹೊರಕ್ಕೆ ಬಾಗುತ್ತವೆ, ಕಾಲಂ ಕುಸಿಯುತ್ತದೆ. ಇದನ್ನು ತಪ್ಪಿಸೋಕೆ ಒಂದಿಷ್ಟು ಕಬ್ಬಿಣ, ಕಂಬಿ ಬಗ್ಗಿಸುವ ಬಾರ್ ಬೆಂಡರ್‌ಗೆ ಸ್ವಲ್ಪ ಜಾಸ್ತಿ ಕೂಲಿ. ಅಷ್ಟೇ. ಇದಕ್ಕೆ ಗೊಣಗುವವರೇ ಎಲಿವೇಶನ್ ಅಂತ ಮುಂದಿನ ಗೋಡೆಗೆ ಕಲ್ಲು ಅಂಟಿಸುವಾಗ ಚೌಕಾಸಿ ಕೂಡ ಮಾಡುವುದಿಲ್ಲ, ಅಲ್ವಾ?

ಜಪಾನ್ 1981ರಲ್ಲಿ ಭೂಕಂಪದ ನಿಯಮ ಬಿಗಿ ಮಾಡಿತು. 1995ರಲ್ಲಿ ಕೋಬೆ ನಡುಗಿದಾಗ ಹೆಚ್ಚು ಬಿದ್ದದ್ದು ಹಳೆಯ ನಿಯಮದ ಕಟ್ಟಡಗಳು. ಹೊಸ ನಿಯಮದವು ಬಹುಮಟ್ಟಿಗೆ ನಿಂತವು.

ಕರೆಂಟಿನದ್ದೂ ಇದೇ ಕತೆ. 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ, ಪ್ರತಿ ಪಾಯಿಂಟಿಗೂ ಅರ್ಥ್ ವೈರ್, ಇವನ್ನು ವೈರಿಂಗ್ ಮಾಡುವಾಗಲೇ ಹಾಕಿಸಿದರೆ ಒಟ್ಟು ಖರ್ಚಿನಲ್ಲಿ ಗೊತ್ತೇ ಆಗುವುದಿಲ್ಲ. ಆಮೇಲೆ ಹಾಕಿಸಿ ನೋಡಿ. ಗೋಡೆ ಕೊರೆಯಬೇಕು, ಮತ್ತೆ ಪ್ಲಾಸ್ಟರಿಂಗ್, ಮತ್ತೆ ಪೇಂಟು!

ಹಾಗಂತ ನಿಯಮ ಬರೆಯುವವರದ್ದು ತಪ್ಪೇ ಇಲ್ಲ ಅನ್ನುತ್ತಿಲ್ಲ. ಪ್ಲಾನ್ ಪಾಸಾಗಿ ಪಾಯ ಎದ್ದ ಮೇಲೆ ನಿಯಮ ಬದಲಾದರೆ ಕಟ್ಟುವವನ ಗತಿ ಏನು? ಡ್ರಾಯಿಂಗ್ ಮತ್ತೆ ಮಾಡಿಸಬೇಕು, ಫೀಸು ಮತ್ತೆ ಕಟ್ಟಬೇಕು, ಕೆಲಸ ನಿಂತಿರುವಾಗಲೂ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ, ಬಾಡಿಗೆ ಮನೆಯಲ್ಲಿದ್ದು ಕಟ್ಟಿಸುತ್ತಿರುವವರಿಗಂತೂ ಎರಡೂ ಕಡೆಯಿಂದ ಹೊಡೆತ. ಒಂದು ತಾರೀಖು ಹೇಳಿ, ಆಮೇಲೆ ಬರುವ ಅರ್ಜಿಗಳಿಗೆ ಮಾತ್ರ ಹೊಸ ನಿಯಮ ಅಂತ ಮಾಡೋಕೆ ಏನು ಕಷ್ಟ?

ಇನ್ನೊಂದು ವಿಷಯದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಮಣ್ಣು ಪರೀಕ್ಷೆ, ಸ್ಟ್ರಕ್ಚರಲ್ ಡ್ರಾಯಿಂಗ್, ತಪಾಸಣೆ, ಇವುಗಳ ಖರ್ಚು ಮನೆ ಅರ್ಧ ಆಯಿತು ಅಂತ ಅರ್ಧ ಆಗುವುದಿಲ್ಲ. ಬಂಗಲೆ ಕಟ್ಟಿಸುವವನಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡು ಕೋಣೆ ಕಟ್ಟಿಸುವವನಿಗೆ ಅದೇ ದೊಡ್ಡ ಮೊತ್ತ. ಅವನು ಆಗ ಏನು ಮಾಡುತ್ತಾನೆ? ಸುಮ್ನೆ ಮೇಸ್ತ್ರಿ ಹೇಳಿದ ಹಾಗೆ ಕಟ್ಟಿಸಿಬಿಡುತ್ತಾನೆ. ನಿಯಮ ಪುಸ್ತಕದಲ್ಲೇ ಉಳಿಯುತ್ತದೆ. ಸಣ್ಣ ಮನೆಗಳಿಗೆ ಸಿದ್ಧ ಡ್ರಾಯಿಂಗ್‌ಗಳನ್ನು ಸರ್ಕಾರವೇ ಪುಕ್ಕಟೆ ಕೊಟ್ಟರೆ ಈ ಹೊರೆ ಎಷ್ಟೋ ಇಳಿಯುತ್ತದೆ.

ನಿಯಮ ಬರೆಯುವವರು ಪ್ರತಿ ಹೊಸ ನಿಯಮದ ಜೊತೆ ಒಂದು ಸಣ್ಣ ಮನೆಗೆ ಅದರಿಂದ ಎಷ್ಟು ಜಾಸ್ತಿ ಆಗುತ್ತದೆ ಅನ್ನುವ ಲೆಕ್ಕವನ್ನೂ ಪ್ರಕಟಿಸಲಿ. ಅವರು ಕೊಡದಿದ್ದರೆ ನಿಮ್ಮ ವರದಿಗಾರರು ಒಬ್ಬ ಎಂಜಿನಿಯರ್ ಮತ್ತು ಒಬ್ಬ ಬಾರ್ ಬೆಂಡರ್‌ನನ್ನು ಕೂರಿಸಿಕೊಂಡು ಕೇಳಿ ಬರೆಯಲಿ.

– ಒಬ್ಬ ಓದುಗ